ಅಳಿಯಂದ್ರು ರಿಗ್ಗಲ್ಲಿದ್ದಾರೆ

ಅಲ್ರೀ, ನಿಜ ಹೇಳಿ. ಮಗಳಿಗೆ ಗಂಡು ನೋಡುವಾಗ ‘ಪೆಟ್ರೋಲಿಯಂ ಇಂಜಿನಿಯರ್’ ಅಂದ ಕೂಡ್ಲೇ ನಿಮ್ಮ ಕಣ್ಣಿಗೆ ಬಿದ್ದಿದ್ದು ಸಂಬಳ ತಾನೇ? (ನಿಮ್ಮ ಯಜಮಾನ್ರಿಗೆ ಪೆಟ್ರೋಲ್ ಬಂಕ್ ಕಂಡಿತ್ತು, ಅದು ಬೇರೆ ಮಾತು.) ಕೆಲಸ ಬಾಂಬೆ ಹೈನಲ್ಲಿ ಅಂದಾಗ ‘ಹೈಕೋರ್ಟ್ ಪಕ್ಕದಲ್ಲಾ?’ ಅಂದಿದ್ದೂ ನೀವೇ!

ಆಮೇಲೆ ತಾನೇ ಗೊತ್ತಾಗಿದ್ದು, ಅದು ಮುಂಬೈನಿಂದ ಸುಮಾರು 160 ಕಿ.ಮೀ. ಆಚೆ, ನಡುಸಮುದ್ರ ಅಂತ. 1974ರಲ್ಲಿ ‘ಸಾಗರ್ ಸಮ್ರಾಟ್’ ರಿಗ್ಗು ಕೊರೆದು ಎಣ್ಣೆ ಕಂಡ ಜಾಗ. ಹೋಗೋದು ಜುಹುವಿನಿಂದ, ಹೆಲಿಕಾಪ್ಟರಲ್ಲಿ. ಅದಕ್ಕೂ ಮೊದಲು ಒಂದು ಟ್ರೈನಿಂಗ್: ಡಮ್ಮಿ ಕ್ಯಾಬಿನ್ನಲ್ಲಿ ಕೂರಿಸಿ, ನೀರಿಗಿಳಿಸಿ, ತಲೆಕೆಳಗು ಮಾಡ್ತಾರೆ. ಬೆಲ್ಟ್ ಬಿಚ್ಚಿ ಕಿಟಕಿಯಿಂದ ಈಚೆ ಬರಬೇಕು. ಅಳಿಯಂದ್ರು ಇದನ್ನು ಹೇಳ್ತಿದ್ರೆ ನೀವು ಹೋಳಿಗೆಗೆ ತುಪ್ಪ ಬಿಡ್ತಾ ‘ಸ್ವಿಮ್ಮಿಂಗ್ ಪೂಲ್ ಫ್ರೀನಾ?’ ಅಂದ್ರಲ್ಲ!

14 ದಿನ ಸಮುದ್ರ, 14 ದಿನ ಮನೆ. ‘ತಿಂಗಳಲ್ಲಿ ಅರ್ಧ ರಜಾ ಕಣ್ರೀ’ ಅಂತ ಬೀದಿಗೆಲ್ಲ ಹೇಳಿದ್ರಿ. ದಿನಕ್ಕೆ 12 ಗಂಟೆ ಡ್ಯೂಟಿ, ಭಾನುವಾರ ಅನ್ನೋದೇ ಇಲ್ಲ, ಇದನ್ನು ಮಾತ್ರ ನುಂಗಿಬಿಟ್ರಿ. ಮಳೆಗಾಲದಲ್ಲಿ ಹೆಲಿಕಾಪ್ಟರ್ ಕ್ಯಾನ್ಸಲ್ ಆದ್ರೆ ರಿಲೀವರ್ ಬರಲ್ಲ, ಇವರು ಇಳಿಯೋ ಹಾಗಿಲ್ಲ. ನೀವೋ, ನಾದಿನಿ ಮನೆ ಗೃಹಪ್ರವೇಶಕ್ಕೆ ‘ಒಂದಿನ ಮುಂಚೆ ಬಂದ್ಬಿಡಿ’ ಅಂತೀರಿ, ಮಂಡ್ಯದಿಂದ ಬರೋರಿಗೆ ಹೇಳೋ ಹಾಗೆ.

ಬಂದ್ರೆ ಸುಮ್ನೆ ಬಿಡ್ತೀರಾ? ಖಾತಾ ಬದಲಾವಣೆ, ಯಜಮಾನ್ರ ಶುಗರ್ ಟೆಸ್ಟು, ಯಾರದೋ ಮಗನ ಸೀಟಿನ ಕೌನ್ಸೆಲಿಂಗು. ‘ಹೇಗೂ ಮನೇಲೇ ಇದ್ದಾರಲ್ಲ!’ ಮಗು ಅಪ್ಪನ ಹತ್ರ ಕತೆ ಕೇಳೋಕೆ ನಿಮ್ಮ ಲಿಸ್ಟ್ ಮುಗಿಯೋವರೆಗೂ ಕಾಯಬೇಕು.

ಅವರೇನು ಕಮ್ಮಿನಾ ಅಂತೀರಿ, ಸರಿ ಬಿಡಿ. ಮೆಟ್ಟಿಲಲ್ಲಿ ‘ಕಂಬಿ ಹಿಡ್ಕೊಳ್ಳಿ ಅತ್ತೆ’ ಅಂತಾರೆ. ಅಟ್ಟ ಗುಡಿಸೋಕೆ ಸ್ಟೂಲ್ ಹತ್ತಿದ್ರೆ ಪರ್ಮಿಟ್ ಎಲ್ಲಿ ಅಂತಾರೆ. (ರಿಗ್ಗಲ್ಲಿ ಬಹಳಷ್ಟು ಕೆಲಸಕ್ಕೆ ಮೊದಲು ಪರ್ಮಿಟ್ ಬೇಕು. ಪಾಪ, ಅಭ್ಯಾಸ!) ಫ್ಯೂಸ್ ಹಾಕೋದರಿಂದ ಸ್ಕೂಲ್ ಮೀಟಿಂಗ್‌ವರೆಗೆ ಒಬ್ಬಳೇ ನಿಭಾಯಿಸೋ ನಿಮ್ಮ ಮಗಳು, ಅವರು ಮಸಾಲೆ ಡಬ್ಬಿಗಳಿಗೆ ಲೇಬಲ್ ಅಂಟಿಸಿದ ದಿನ ನಿಮಗೆ ಫೋನ್ ಮಾಡಿ ಗೊಣಗಿದ್ಳಲ್ವಾ? ನೀವು ‘ಹಾಗೆಲ್ಲ ಅನ್ಬಾರ್ದಮ್ಮ’ ಅಂದ್ರಿ. ಅಂದು, ಅವರು ಹೊರಡೋ ತಾರೀಕು ಯಾವುದು ಅಂತ ಮೆಲ್ಲಗೆ ಕೇಳಿದ್ರಿ. ಸೀರಿಯಲ್ ಟೈಮಲ್ಲಿ ರಿಮೋಟ್ ಯಾರ ಕೈಲಿರುತ್ತೆ ಅಂತ ನಮಗೂ ಗೊತ್ತು ಬಿಡಿ.

ಈಗ ಗಲ್ಫಿಂದ ಆಫರ್ ಬಂದಿದೆಯಂತೆ, 28 ದಿನ ಅಲ್ಲಿ, 28 ದಿನ ಇಲ್ಲಿ. ಬೆರಳು ಮಡಚಿ ಲೆಕ್ಕ ಹಾಕ್ತಾ ಕೂತಿದ್ದೀರಲ್ಲ, ಸಂಬಳದ್ದಾ, ಇಲ್ಲ ಒಂದೇ ಸಮ 28 ದಿನ ಮನೇಲಿರೋ ಅಳಿಯಂದ್ರದ್ದಾ? ಹೇಳಿ, ಯಾರಿಗೂ ಹೇಳಲ್ಲ.