ತಂತ್ರಾಂಶದ ಹಲ್ಲು ಎಣಿಸುವ ವಿಧಾನ

ತಂತ್ರಾಂಶ ಪರೀಕ್ಷೆಯಲ್ಲಿ ನನಗಿರುವ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕೆ.ಆರ್. ನಗರದ ಹತ್ತಿರದ ಚುಂಚನಕಟ್ಟೆ ಜಾತ್ರೆಗೆ ಮೂವತ್ತು ವರ್ಷದಿಂದ ತಪ್ಪದೆ ಹೋಗುತ್ತಿದ್ದೇನೆ. ಅಲ್ಲಿನ ದನಗಳ ಪರಿಷೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡದೆ, ನಾಲ್ಕು ಹೆಜ್ಜೆ ನಡೆಸದೆ, ಮೈಮೇಲಿನ ಸುಳಿ ಹುಡುಕದೆ ಯಾರೂ ಮುಂಗಡ ಕೊಡುವುದಿಲ್ಲ. ಅಂಥ ನಾನು ಹುಣಸೂರಿನ ಹೋಟೆಲೊಂದರಲ್ಲಿ ಟೀ ಆರುವುದರೊಳಗೆ 999 ರೂಪಾಯಿ ಕಟ್ಟಿ ಒಂದು ಕೃಷಿ ಆ್ಯಪ್ ಕೊಂಡೆ. ಈ ಲೇಖನ ಆ ಟೀಯ ಫಲ.

ಮೊದಲು ಹಲ್ಲು. ಹೋರಿಗೆ ಎರಡು ವರ್ಷ ದಾಟಿದ ಮೇಲೆ ಎರಡು ಹಲ್ಲು, ಆಮೇಲೆ ನಾಲ್ಕು, ಆರು. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತೇವೆ. ತಂತ್ರಾಂಶದವರು ಇದನ್ನೇ ಆವೃತ್ತಿ ಎನ್ನುತ್ತಾರೆ. ನನ್ನದು 1.0.3. ಅಂದರೆ ಹಾಲುಹಲ್ಲಿನ ಕರು. ಜಾಹೀರಾತಿನಲ್ಲಿ ಅದು ನೊಗ ಹೊತ್ತು ನಿಂತಿತ್ತು.

ಎರಡನೆಯದು ಕಣ್ಣು. ‘ಎಲೆಯ ಫೋಟೊ ತೆಗೆಯಿರಿ, ರೋಗ ತಿಳಿಯಿರಿ’ ಎಂದಿದ್ದರು. ಹೊಗೆಸೊಪ್ಪು ಹಣ್ಣಾಗುವಾಗ ಹಳದಿಗೆ ತಿರುಗುತ್ತದೆ, ಬ್ಯಾರನ್‌ನಲ್ಲಿ ಹದವಾಗಿ ಬೆಂದರೆ ಇನ್ನೂ ಹೊಳೆಯುತ್ತದೆ, ಆ ಬಣ್ಣಕ್ಕೇ ಹರಾಜಿನಲ್ಲಿ ದುಡ್ಡು. ಐದಾರು ದಿನ ನಿದ್ದೆಗೆಟ್ಟು ಬೇಯಿಸಿದ ಎಲೆಯನ್ನು ಆ್ಯಪಿಗೆ ತೋರಿಸಿದೆ. ‘ತೀವ್ರ ಪೋಷಕಾಂಶ ಕೊರತೆ, ಕೂಡಲೇ ಯೂರಿಯಾ ಕೊಡಿ’ ಎಂದಿತು. ಬೇಲು ಕಟ್ಟಿದ ಸೊಪ್ಪಿಗೆ ಯೂರಿಯಾ ಕೊಡುವ ವಿಧಾನವನ್ನು ತಿಳಿಸಿರಲಿಲ್ಲ. ಅದು ಪ್ರೀಮಿಯಂನವರಿಗೆ ಮಾತ್ರವಂತೆ.

ಕಿವಿಯ ಪರೀಕ್ಷೆ ಹೆಚ್ಚು ಹೊತ್ತು ಹಿಡಿಯಿತು. ‘ನಿಮ್ಮ ಭಾಷೆಯಲ್ಲೇ ಮಾತಾಡಿ’ ಎಂದು ಬರೆದಿದ್ದರು. ನಮ್ಮ ಭಾಷೆಯಲ್ಲೇ ‘ನಾಳೀಕೆ ಮಳೆ ಉಯ್ತದಾ?’ ಎಂದು ಕೇಳಿದೆ. ಮನೆಯೊಳಗೆ ತೂಗುಹಾಕುವ ಉಯ್ಯಾಲೆಗಳ ದರಪಟ್ಟಿ ಬಂತು. ಊರು ಬದಲಿಸಿ ‘ಎಚ್.ಡಿ. ಕೋಟೆ’ ಎಂದೆ. ವಿಡಿಯೊವನ್ನು ಎಚ್‌ಡಿಯಲ್ಲಿ ನೋಡಬೇಕಾದರೆ ಇನ್ನೂ 199 ಕಟ್ಟಬೇಕು ಎಂದಿತು. ಪಿರಿಯಾಪಟ್ಟಣವನ್ನು ‘ಪಿ’ಯಲ್ಲಿ ಹುಡುಕಿ ಸುಸ್ತಾದೆ, ಅದು ‘ಪೆ’ಯಲ್ಲಿ ಅವಿತುಕೊಂಡಿತ್ತು. ಸರಗೂರು ತಾಲ್ಲೂಕಾಗಿರುವ ಸುದ್ದಿ ಇನ್ನೂ ಆ್ಯಪಿಗೆ ಮುಟ್ಟಿಲ್ಲ. ಸಾಲಿಗ್ರಾಮದ ನಮ್ಮ ನೆಂಟರು ತಮ್ಮ ಊರನ್ನೇ ಒತ್ತಿದರು, ಆ್ಯಪ್ ಉಡುಪಿ ಕಡೆಯ ಸಾಲಿಗ್ರಾಮಕ್ಕೆ ಹೋಯಿತು. ಭತ್ತದ ಗದ್ದೆಯ ಬದುವಿನಲ್ಲಿ ನಿಂತಿದ್ದ ಅವರಿಗೆ ‘ಕಡಲು ಪ್ರಕ್ಷುಬ್ಧವಾಗಿದೆ, ಮೀನುಗಾರರು ನೀರಿಗಿಳಿಯಬಾರದು’ ಎಂಬ ಎಚ್ಚರಿಕೆ ಬಂತು. ಆ ವಾರ ಅವರ ಮನೆಯಿಂದ ಯಾರೂ ಸಮುದ್ರಕ್ಕೆ ಇಳಿಯಲಿಲ್ಲ. ನಾನು ಪರೀಕ್ಷಿಸಿದ ಸೌಲಭ್ಯಗಳಲ್ಲಿ ಪೂರ್ತಿ ಗೆದ್ದದ್ದು ಇದೊಂದೇ.

‘ನೆಟ್‌ವರ್ಕ್ ಇಲ್ಲದೆಡೆಯಲ್ಲೂ ಕೆಲಸ’ ಎಂಬುದನ್ನು ಕಬಿನಿ ಹಿನ್ನೀರಿನ ಅಂಚಿಗೆ ಹೋಗಿ ನೋಡಿದೆ. ಆ ಸೌಲಭ್ಯ ಚಾಲೂ ಮಾಡಲು ನೆಟ್‌ವರ್ಕ್ ಬೇಕು.

ಉಳಿದವುಗಳ ಮುಂದೆ ‘ಶೀಘ್ರದಲ್ಲೇ ಬರಲಿದೆ’ ಎಂದಿತ್ತು. ಜಾತ್ರೆಯಲ್ಲಿ ಇದಕ್ಕೆ ‘ಗಬ್ಬದ ಹಸು’ ಎನ್ನುತ್ತಾರೆ. ಗಬ್ಬ ನಿಂತಿದೆ ಎಂದು ಹೇಳಿ ದರ ಏರಿಸುವುದು, ಕೊಂಡವನು ಕಾಯುವುದು. ಹಸುವಿಗಾದರೆ ಸುಮಾರು 280 ದಿನದ ಲೆಕ್ಕವುಂಟು. ನನ್ನ ಆ್ಯಪಿಗೆ ಅದು ಕಳೆದು ಎರಡು ತಿಂಗಳಾಯಿತು. ಪಶುವೈದ್ಯರನ್ನು ಕೇಳಿದೆ. ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ಗ್ರಾಹಕ ಸೇವೆಗೆ ಫೋನ್ ಮಾಡಿದಾಗ, ‘ಸರ್, ಒಮ್ಮೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ’ ಎಂದು ಅಲ್ಲಿನ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ಪಕ್ಕದಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ, ‘ಕುಂಟೆತ್ತ ಒಂದಪ ಕೊಟ್ಗೆಯಿಂದ ಆಚ್ಗೆ ಹೊಡ್ದು ಮತ್ತೆ ಒಳೀಕೆ ಹೊಡ್ಕೋ ಅಂತಾವ್ಳೆ, ಕುಂಟು ವಾಸಿ ಆಯ್ತದೆ’ ಎಂದು ಅನುವಾದಿಸಿದರು.

ಬಾಯಿಗೂಡಿದ ತಂತ್ರಾಂಶವೇ ಇಲ್ಲವೆಂದಲ್ಲ. 2000ದ ಆಸುಪಾಸಿನಲ್ಲಿ ಬಂದ ಕಂದಾಯ ಇಲಾಖೆಯ ‘ಭೂಮಿ’ ನಮಗೆ ಹೇಳಿದ್ದು ಇಷ್ಟೇ: 15 ರೂಪಾಯಿ ಕೊಡಿ, ಪಹಣಿ ತಗೊಳ್ಳಿ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಬೆನ್ನಮೇಲೆ ಹೊತ್ತಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆಯಬೇಕೆಂದು ಅಧಿಕಾರಿಗಳಿಗೇ ಮೂಗುದಾರ ಹಾಕಿತು. ಬೆರಳಚ್ಚು ಒತ್ತದೆ ಅವರನ್ನೂ ಒಳಗೆ ಬಿಡುತ್ತಿರಲಿಲ್ಲ. ನಿಮ್ಮ ಬದುಕನ್ನೇ ಬದಲಿಸುತ್ತೇನೆ ಎಂದು ನನಗಂತೂ ಮೆಸೇಜ್ ಕಳಿಸಲಿಲ್ಲ. ಗೇಯುವ ಎತ್ತಿನ ಕೊಂಬಿಗೆ ಬಣ್ಣ ಬೀಳುವುದು ಸಂಕ್ರಾಂತಿಗೆ ಮಾತ್ರ.

ಕೆಟ್ಟ ಸುಳಿ ಹುಡುಕುವ ವಿಚಾರದಲ್ಲಿ ಮಾತ್ರ ಸರ್ಕಾರ ನಮ್ಮ ಶಾಸ್ತ್ರದ ಹತ್ತಿರ ಬಂದಿದೆ. ಕೊಳ್ಳುವವರನ್ನು ಪರದೆಯ ಮೇಲೆ ಸಿಕ್ಕಿಸುವ 13 ಬಗೆಯ ಕಣ್ಕಟ್ಟುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಪಟ್ಟಿ ಮಾಡಿ ನಿಷೇಧಿಸಿತು. ಚಂದಾ ಸೇರುವ ಬಾಗಿಲನ್ನು ಅಗಲ ಮಾಡಿ, ಬಿಡುವ ಬಾಗಿಲನ್ನು ಬಚ್ಚಿಡುವುದೂ ಅದರಲ್ಲೊಂದು. ನಮ್ಮ ದಲ್ಲಾಳಿಗಳ ಬಳಿ ಇದಕ್ಕಿಂತ ಉದ್ದದ ಪಟ್ಟಿ ಇದೆ, ಆದರೆ ಗೆಜೆಟ್ ಆಗಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವುಂಟು. ಸಹಾಯವಾಣಿ 1915. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ, ನನ್ನ 999 ಅದರೊಳಗೆ ಸಲೀಸಾಗಿ ಕೂರುತ್ತದೆ. ದೂರನ್ನು ಆನ್‌ಲೈನಿನಲ್ಲೇ ಹಾಕಬಹುದು. ಆ ತಂತ್ರಾಂಶದ ಹಲ್ಲು ನಾನಿನ್ನೂ ನೋಡಿಲ್ಲ.

ಹಾಗಾಗಿ ಈ ಸಲ ಫೋನನ್ನೇ ಜಾತ್ರೆಗೆ ಕೊಂಡೊಯ್ದೆ. ಪರಿಚಯದ ದಲ್ಲಾಳಿ, ಬೆರಳು ಅದುಮಿ ದರ ಹೇಳುವ ಪದ್ಧತಿಯಂತೆ, ಟವೆಲಿನಡಿ ನನ್ನ ಕೈ ಹಿಡಿದರು. ಸ್ವಲ್ಪ ಹೊತ್ತಾದರೂ ಯಾವ ಬೆರಳನ್ನೂ ಅದುಮಲಿಲ್ಲ. ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ‘ಗೂಟ ಕಿತ್ಕಬುಡಿ ಸ್ವಾಮಿ’ ಎಂದರು. ಅಷ್ಟರಲ್ಲಿ ಅದು ಕಿಣಿಕಿಣಿ ಎಂದಿತು. ಮುಂದಿನ ವರ್ಷದ 999 ತಾನಾಗೇ ಕಟ್ಟಿಸಿಕೊಂಡಿತ್ತು.

‘ಮೇಯೋದು ಮಾತ್ರ ಚೆನ್ನಾಗ್ ಕಲ್ತದೆ’ ಎಂದು ದಲ್ಲಾಳಿ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.