ಟೀಸಿಗೂ ನಿದ್ದೆ ಬೇಕು

ಎಲೆಕ್ಟ್ರಿಕ್ ಗಾಡಿಯ ಮಾತು ಬಂದಲ್ಲೆಲ್ಲ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಮದುವೆ ಮನೆಯಿರಲಿ, ಕಟಿಂಗ್ ಶಾಪಿರಲಿ, ಎಲ್ಲರ ಮಾತು ಮುಗಿಯುವವರೆಗೂ ಕಾದು, ಕನ್ನಡಕ ಮೇಲೇರಿಸಿ ಕೇಳುತ್ತಾರೆ: “ಅದೆಲ್ಲ ಸರಿ ಕಣಯ್ಯಾ, ಎಲ್ಲರೂ ಇದನ್ನೇ ತಗೊಂಡ್ರೆ ಕರೆಂಟು ಎಲ್ಲಿಂದ ತರ್ತೀರಿ?” ಸಭೆ ತಣ್ಣಗಾಗುತ್ತದೆ. ಅವರು ಗೆದ್ದ ಗತ್ತಿನಲ್ಲಿ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿಡಿಸಿಕೊಳ್ಳುತ್ತಾರೆ.

2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ಪುಟಾಣಿ ರೇವಾ ಕಾರು ರಸ್ತೆಗಿಳಿದಾಗ ಈ ಪ್ರಶ್ನೆ ಹುಟ್ಟಿರಲಿಲ್ಲ. ಆಗಿನ ಪ್ರಶ್ನೆ, ಇದರೊಳಗೆ ಕಾಲು ಎಲ್ಲಿಡುವುದು ಎಂಬುದಷ್ಟೇ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದೂ ನಮ್ಮ ರಾಜ್ಯವೇ. ಈಗ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಹಸಿರು ನಂಬರ್ ಪ್ಲೇಟಿನ ಸ್ಕೂಟರುಗಳು ಬೆಕ್ಕಿನಂತೆ ಸದ್ದಿಲ್ಲದೆ ಮುಂದೆ ನುಸುಳುತ್ತವೆ. ಹಿರಿಯರಿಗೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕಾದ ಕಾಲ ಬಂದಿದೆ.

ಹಾಕೋಣ. ಊರೊಳಗೆ ಓಡಾಡುವ ಸ್ಕೂಟರಿಗೆ ದಿನಕ್ಕೆ ಒಂದೆರಡು ಯೂನಿಟ್ ಸಾಕು. ಎರಡೇ ಎಂದಿಟ್ಟುಕೊಳ್ಳಿ. ಹತ್ತು ಲಕ್ಷ ಸ್ಕೂಟರುಗಳಿಗೆ 20 ಲಕ್ಷ ಯೂನಿಟ್. ಬೇಸಿಗೆಯಲ್ಲಿ ಕರ್ನಾಟಕದ ಒಂದು ದಿನದ ಬಳಕೆ 30 ಕೋಟಿ ಯೂನಿಟ್ಟಿನ ಆಸುಪಾಸು. ನೂರಕ್ಕೆ ಒಂದು ಪಾಲೂ ಆಗಲಿಲ್ಲ, ಹಿರಿಯರು ಸೋತರು. ಆದರೆ ತಾಳಿ. ಆ ಹತ್ತು ಲಕ್ಷ ಜನ ಒಂದೇ ಗಳಿಗೆಯಲ್ಲಿ ಪ್ಲಗ್ ಚುಚ್ಚಿದರೆ? ಸ್ಕೂಟರಿನ ಚಾರ್ಜರು ಎಳೆಯುವುದು ಸುಮಾರು ಮುಕ್ಕಾಲು ಕಿಲೋವ್ಯಾಟ್. ಒಟ್ಟು 750 ಮೆಗಾವ್ಯಾಟ್. ಶರಾವತಿಯ ಹತ್ತು ಯಂತ್ರಗಳಲ್ಲಿ ಏಳು ಪೂರ್ತಿ ತಿರುಗಿದರೂ ಸಾಲದು. ನೀವೆಷ್ಟು ಉಂಡಿರಿ ಎಂದು ಗ್ರಿಡ್ಡು ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲರೂ ಒಟ್ಟಿಗೇ ಎಲೆ ಮುಂದೆ ಕೂತರೆ ಅದಕ್ಕೆ ಕೈಕಾಲು ಆಡುವುದಿಲ್ಲ.

ರಾಜ್ಯದ ಗ್ರಿಡ್ಡು ಹೇಗೋ ಸುಧಾರಿಸಿಕೊಂಡೀತು. ನನಗೆ ಕನಿಕರ ಹುಟ್ಟುವುದು ಬೀದಿ ಮೂಲೆಯಲ್ಲಿ ಬೇಲಿಯೊಳಗೆ ನಿಂತು ಗುಂಯ್‌ಗುಟ್ಟುವ ಟೀಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಕಂಡಾಗ. 100 ಕೆವಿಎ ಟ್ರಾನ್ಸ್‌ಫಾರ್ಮರಿನ ಕೆಳಗೆ ಹತ್ತಾರು ಮನೆಗಳು. ಪ್ರತಿ ಮನೆಗೂ ಮೂರೋ ನಾಲ್ಕೋ ಕಿಲೋವ್ಯಾಟ್ ಮಂಜೂರಾಗಿರುತ್ತದೆ. ಎಲ್ಲ ಕೂಡಿಸಿದರೆ ಟೀಸಿಯ ತಾಕತ್ತು ಎಂದೋ ಮೀರಿರುತ್ತದೆ. ಆದರೂ ನಡೆಯುತ್ತದೆ, ಏಕೆಂದರೆ ಒಬ್ಬರ ಗೀಸರ್ ಬೆಳಗಿನ ಐದಕ್ಕೆ, ಇನ್ನೊಬ್ಬರದು ರಾತ್ರಿ ಒಂಬತ್ತಕ್ಕೆ, ಮತ್ತೊಬ್ಬರಿಗೆ ಭಾನುವಾರವೊಂದೇ ಸ್ನಾನ. ನಮ್ಮ ಅಶಿಸ್ತಿನ ಮೇಲೆ ಭರವಸೆ ಇಟ್ಟು ಕಟ್ಟಿದ ವ್ಯವಸ್ಥೆ ಇದು.

ಕಾರು ಬಂದು ಈ ಸುಖವನ್ನು ಕೆಡಿಸಿತು. ಮನೆಯಲ್ಲಿ ಹಾಕಿಸುವ ಕಾರಿನ ಚಾರ್ಜರು ಏಳು ಕಿಲೋವ್ಯಾಟಿನದು. ಎರಡು ಮನೆಯ ಮಂಜೂರಾತಿಯನ್ನು ಒಂದೇ ನುಂಗುತ್ತದೆ, ಅದೂ ಗಂಟೆಗಟ್ಟಲೆ. ಸಂಜೆ ಆಫೀಸಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಪ್ಲಗ್ ಹಾಕುತ್ತಾರೆ. ಹದಿನೈದು ಕಾರು ಒಟ್ಟಿಗೆ ನಿಂತರೆ 105 ಕಿಲೋವ್ಯಾಟ್; ಅಲ್ಲಿಗೆ ಟೀಸಿಯ ಕತೆ ಮುಗಿಯಿತು, ಅಜ್ಜಿಯ ಫ್ಯಾನಿಗೂ ಕರೆಂಟು ಉಳಿಯಲಿಲ್ಲ. ರಾತ್ರಿ ಚಾರ್ಜ್ ಮಾಡಿದರಾಯಿತಲ್ಲ ಎನ್ನುತ್ತೀರಿ. ಒಳ್ಳೆಯದೇ. ಆದರೆ ಹಗಲಿಡೀ ಕಾದ ಟೀಸಿಯ ಎಣ್ಣೆ ಆರುವುದು, ಒಳಗಿನ ಸುರುಳಿಗೆ ಸುತ್ತಿದ ಕಾಗದ ತಣಿಯುವುದು ರಾತ್ರಿಯೇ. ಬೆಳಗಿನವರೆಗೂ ಹೊರೆ ಇಳಿಯದಿದ್ದರೆ ಆ ಕಾಗದಕ್ಕೆ ಅಕಾಲ ಮುಪ್ಪು.

ನಗರದವರಿಗೆ ಇದೆಲ್ಲ ಹೊಸ ವಿಜ್ಞಾನ. ಹಳ್ಳಿಯವರನ್ನು ಕೇಳಿ ನೋಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ: ಈ ಫೀಡರಿಗೆ ಹಗಲು, ಆ ಫೀಡರಿಗೆ ರಾತ್ರಿ. ಅಪರಾತ್ರಿಯಲ್ಲಿ ಹಾವು ಚೇಳಿನ ನಡುವೆ ತೋಟಕ್ಕೆ ಹೋಗಿ ಸ್ವಿಚ್ ಒತ್ತುವವರು ಯಾರು? ರೈತರು ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಏಳುತ್ತದೆ. ಪಕ್ಕದ ತೋಟದವರೂ ಹಾಕಿಸಿದರು, ಆಚೆಯವರೂ ಹಾಕಿಸಿದರು. ಮೋಟಾರು ಓಡುವಾಗಿನದಕ್ಕಿಂತ ಏಳುವಾಗ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಎಲ್ಲವೂ ಒಂದೇ ಕ್ಷಣಕ್ಕೆ ಎದ್ದರೆ ಟೀಸಿ ಏನು ಮಾಡೀತು? ಸುಟ್ಟಿತು. ಅದು ರಿಪೇರಿಯಾಗಿ ಬರುವಷ್ಟರಲ್ಲಿ ಬೆಳೆ ಒಣಗಿತು. ಈಗ ಸಮ್ಮೇಳನಗಳಲ್ಲಿ ಹೊರೆಯನ್ನು ಪಾಳಿಗೆ ಹಂಚುವ ಸ್ಮಾರ್ಟ್ ಚಾರ್ಜಿಂಗ್ ಎಂದು ಸ್ಲೈಡು ತೋರಿಸುತ್ತಾರಲ್ಲ, ಅದರ ಮುಕ್ಕಾಲು ಪಾಲನ್ನು ನಮ್ಮ ಲೈನ್‌ಮನ್ನುಗಳು ದಶಕಗಳಿಂದ ಬೈಸಿಕೊಳ್ಳುತ್ತಲೇ ಮಾಡಿಕೊಂಡು ಬಂದಿದ್ದಾರೆ.

ಕಾರಿನ ಆಟೋ ಸ್ಟಾರ್ಟರ್ ಎಂದರೆ ಅದರ ಟೈಮರು. ರಾತ್ರಿ ದರ ಅಗ್ಗವಿರುವ ದೇಶಗಳಲ್ಲಿ, ಅಗ್ಗದ ಗಂಟೆ ಬಾರಿಸಿದ ಕ್ಷಣವೇ ಕಾರುಗಳೆಲ್ಲ ಬಾಯಿ ತೆರೆಯುತ್ತವೆ. ಬ್ರಿಟನ್ನಿನವರು ಇದಕ್ಕೆ ಕಾನೂನನ್ನೇ ಮಾಡಿದ್ದಾರೆ. 2022ರ ಜೂನ್ 30ರಿಂದ ಅಲ್ಲಿ ಮಾರುವ ಮನೆ ಚಾರ್ಜರುಗಳು ಹತ್ತು ನಿಮಿಷದವರೆಗೆ ಮನಬಂದಷ್ಟು ತಡಮಾಡಿ ಶುರುವಾಗಬೇಕು. ತಡವಾಗಿ ಬರುವುದು ಕಾನೂನುಬದ್ಧ! ನಮ್ಮ ಕಚೇರಿಗಳು ಈ ವಿಷಯದಲ್ಲಿ ಎಷ್ಟು ಮುಂದಿದ್ದವು ಎಂದು ಹೆಮ್ಮೆಯಾಗುತ್ತದೆ. ಬ್ರಿಟಿಷರು ಪಾಠ ಕಲಿತದ್ದು ಚಹಾದಿಂದಿರಬೇಕು. 1990ರ ಫುಟ್‌ಬಾಲ್ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತ ಕೂಡಲೇ ದೇಶವೇ ಎದ್ದು ದುಃಖಕ್ಕೆ ನೀರು ಕಾಯಿಸಿತು. ಬೇಡಿಕೆ 2,800 ಮೆಗಾವ್ಯಾಟ್ ಜಿಗಿಯಿತು.

ನಾವೇನು ಕಡಿಮೆ? ಕೊರೊನಾ ಲಾಕ್‌ಡೌನಿನಲ್ಲಿ, 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ, ಪ್ರಧಾನಿಯ ಕರೆಯಂತೆ ಒಂಬತ್ತು ನಿಮಿಷ ದೀಪ ಆರಿಸಿದಾಗ ದೇಶದ ಬೇಡಿಕೆ 31,000 ಮೆಗಾವ್ಯಾಟಿನಷ್ಟು ಕುಸಿಯಿತು. ಅಂದಾಜಿಸಿದ್ದರ ದುಪ್ಪಟ್ಟಿಗೂ ಹೆಚ್ಚು. ನಾವು ಹಣತೆ ಹಚ್ಚುತ್ತಿದ್ದಾಗ ಜಲವಿದ್ಯುತ್ ಕೇಂದ್ರಗಳಲ್ಲಿ ಯಂತ್ರಗಳನ್ನು ಇಳಿಸಿ, ಮತ್ತೆ ಏರಿಸಿ, ಗ್ರಿಡ್ಡನ್ನು ಬೀಳದಂತೆ ಹಿಡಿದುಕೊಂಡವರು ಬೆವರು ಒರೆಸಿಕೊಂಡಿರಬೇಕು.

ಇಷ್ಟೆಲ್ಲ ಒದ್ದಾಟ ರಾತ್ರಿಗೆ. ಮಟಮಟ ಮಧ್ಯಾಹ್ನ ಪಾವಗಡದಲ್ಲಿ 13,000 ಎಕರೆ ತುಂಬ ಸೌರಫಲಕಗಳು ಕಾಯುತ್ತ ಕೂತಿರುತ್ತವೆ. 2,050 ಮೆಗಾವ್ಯಾಟಿನ ಸಾಮರ್ಥ್ಯ ಅಲ್ಲಿನದು. ಅದೇ ಹೊತ್ತಿಗೆ ನಮ್ಮ ಕಾರುಗಳು ಟೆಕ್ ಪಾರ್ಕಿನ ನೆಲಮಾಳಿಗೆಯಲ್ಲಿ ಕೆಲಸವಿಲ್ಲದೆ ಮಲಗಿರುತ್ತವೆ. ಚಾರ್ಜರುಗಳು ಇರಬೇಕಾದದ್ದು ಅಲ್ಲಿ, ಆಫೀಸಿನ ಕೆಳಗೆ. ನಾವೋ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಚಾರ್ಜರ್ ಯಾರ ಕಂಬದ ಪಕ್ಕ ಬರಬೇಕೆಂದು ಜಗಳವಾಡುತ್ತೇವೆ. ಗೃಹಜ್ಯೋತಿಯ ಸೊನ್ನೆ ಬಿಲ್ಲಿನ ಮೇಲೆ ಆಸೆಯಿರುವವರಿಗೂ ಆಫೀಸೇ ಲೇಸು. ದಿನಕ್ಕೆರಡು ಯೂನಿಟ್ಟಿನ ಸ್ಕೂಟರು ತಿಂಗಳ 200 ಯೂನಿಟ್ಟಿನ ಮಿತಿಯಲ್ಲಿ 60ನ್ನು ಮೇಯ್ದು ಮುಗಿಸುತ್ತದೆ.

ಆಫೀಸಿನಲ್ಲಿ ಆ ಭಾಗ್ಯವಿಲ್ಲದವರು ರಾತ್ರಿಯೇ ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ. ಟೈಮರನ್ನು ಹತ್ತಕ್ಕೆ ಮಾತ್ರ ಇಡಬೇಡಿ, ಎಲ್ಲರೂ ಅಲ್ಲೇ ಇಟ್ಟಿರುತ್ತಾರೆ. ಹನ್ನೊಂದು ನಲವತ್ತಮೂರಕ್ಕೆ ಇಡಿ, ಒಂದು ಹದಿನೇಳಕ್ಕೆ ಇಡಿ. ಇದನ್ನು ಓದಿದವರೆಲ್ಲ ಒಂದು ಹದಿನೇಳಕ್ಕೇ ಇಟ್ಟುಬಿಡಬೇಡಿ, ದಯವಿಟ್ಟು.