ಎರಡನೇ ಬಟ್ಟಲು ಸಾರು

ಊಟ, ಪುಣ್ಯ ಎರಡೂ ಒಂದೇ ಟಿಕೆಟ್ಟಿನಲ್ಲಿ ಸಿಗುವಾಗ ನನ್ನಂಥವನು ಬಿಡುವುದುಂಟೆ? ಬಸವನಗುಡಿಯ ಒಂದು ತಾರಸಿಯ ಮೇಲೆ ಶನಿವಾರ, ಭಾನುವಾರ ಮಾತ್ರ ನಡೆಯುವ ಪಾಪ್-ಅಪ್ ಹೋಟೆಲು. ಬಡಿಸುವವರೆಲ್ಲ ಕಿವಿ ಕೇಳದ ಹುಡುಗ ಹುಡುಗಿಯರು. ಬಂದ ಹಣ ಅಂಥವರ ಹೋಟೆಲ್ ತರಬೇತಿಗೆ. ಟಿಕೆಟ್ ದರ ಕೇಳಿ ಹೆಂಡತಿ, "ಇಷ್ಟು ದುಡ್ಡಿಗೆ ತಿಂಗಳ ತೊಗರಿಬೇಳೆ ಬರುತ್ತೆ" ಎಂದಳು. "ದಾನ ಕಣೇ" ಎಂದೆ. "ದಾನ ಅಂದ್ರೆ ಉಣ್ಣದೆ ಕೊಡೋದು" ಎಂದಳು. ವಾದ ಗೆದ್ದವಳು ಅವಳೇ. ಆದರೂ ರೇಷ್ಮೆ ಸೀರೆ ಉಟ್ಟು ಹೊರಟಳು.

ಅಲ್ಲಿ ಒಂದೇ ನಿಯಮ: ಬಾಯಿ ಇರುವುದು ಉಣ್ಣುವುದಕ್ಕೆ ಮಾತ್ರ. ಮೇಜಿನ ಮೇಲೆ ಸನ್ನೆಗಳ ಚಿತ್ರದ ಕಾರ್ಡು: ನೀರು, ಅನ್ನ, ಇನ್ನಷ್ಟು, ಸಾಕು. ಚಪ್ಪಾಳೆಯ ಬದಲು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಬೇಕಂತೆ. ಕರೆಯಬೇಕಾದರೆ ಪುಟ್ಟ ದೀಪದ ಸ್ವಿಚ್ಚು. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಹೋಳಿಗೆ ತಡೆಯುತ್ತಲೇ ದೊಡ್ಡವನಾದ ನನಗೆ ಇದೇನು ಮಹಾ!

ಸಾರು ಬಂತು. ಹುರಿದ ಮೆಣಸು, ತುಪ್ಪದ ಒಗ್ಗರಣೆ, ಇಂಗು. ಬಟ್ಟಲು ಖಾಲಿಯಾದದ್ದೇ ತಿಳಿಯಲಿಲ್ಲ. ಇನ್ನೊಂದು ಬೇಕು. ಕಾರ್ಡಿನಲ್ಲಿ ನೋಡಿದರೆ ಸಾರೇ ಇಲ್ಲ.

ದೀಪ ಹಾಕಿದೆ. ತೆಳು ಮೀಸೆಯ ಹುಡುಗ ಬಂದ. ಅಂಗೈ ಬಟ್ಟಲು ಮಾಡಿ ತುಟಿಗಿಟ್ಟು ಸುರ್ರೆಂದು ಹೀರಿದೆ. ನೀರು ಬಂತು. ಹುಣಸೆಯ ಹುಳಿ ತೋರಿಸಲು ಒಂದು ಕಣ್ಣು ಮುಚ್ಚಿ, ಮುಖ ಕಿವುಚಿ, ಭುಜ ಕೊಡವಿದೆ. ಉಪ್ಪಿನಕಾಯಿ ಬಂತು. ಮೆಣಸೆಂದು ಸೀನಿದೆ. ಕರವಸ್ತ್ರದಂಥ ಕಾಗದ ಬಂತು. ಖಾಲಿ ಬಟ್ಟಲು ಎದುರಿಗೇ ಇತ್ತು. ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಕಾಲೇಜಿನಲ್ಲಿ ಬಣ್ಣ ಹಚ್ಚಿದವನು ಬೆರಳು ತೋರಿಸುವಷ್ಟು ಕೆಳಗಿಳಿಯುವುದೆ? ಎದ್ದು ನಿಂತೆ. ಮರ ಹತ್ತಿ ಹುಣಸೆಹಣ್ಣು ಕಿತ್ತೆ. ನೆನೆಹಾಕಿದೆ, ಕಿವುಚಿದೆ, ಗೊರಟು ಎಸೆದೆ. ಒಲೆ ಊದಿ ಹೊಗೆಗೆ ಕಣ್ಣೊರೆಸಿಕೊಂಡೆ. ಬೇಳೆಕಟ್ಟು ಬಸಿದೆ, ಕೈ ಸುಟ್ಟುಕೊಂಡೆ, ಕಿವಿ ಮುಟ್ಟಿಕೊಂಡೆ. ಒಗ್ಗರಣೆಯ ಸಾಸಿವೆಯನ್ನು ಹತ್ತೂ ಬೆರಳಲ್ಲಿ ಚಟಪಟ ಸಿಡಿಸಿದಾಗ ಸುತ್ತಲಿನ ಮೇಜುಗಳಲ್ಲಿ ಕೈಗಳು ಮೇಲೆದ್ದು ಅಲ್ಲಾಡಿದವು. ಹೆಂಡತಿ ತಾರಸಿಯಾಚೆಯ ತೆಂಗಿನ ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಹುಡುಗ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದ: "ಸಾರು ತಾನೇ? ನೀರು ಕೊಟ್ಟಾಗಲೇ ಗೊತ್ತಿತ್ತು. ಒಗ್ಗರಣೆವರೆಗೂ ನೋಡೋಣ ಅಂತ ಬಿಟ್ಟೆ."

ಸಾರು ಕೊಟ್ಟ. ಅವನು ನಕ್ಕ, ನಾನೂ ನಕ್ಕೆ. ಮುಂದೆ ಪಲ್ಯ, ಪಾಯಸ ಏನೇನೋ ಬಂದವು.

ಪಕ್ಕದ ಮೇಜಿನ ಮಹಾಶಯನೊಬ್ಬ ಮೊದಲಿನಿಂದಲೂ ಮೊಬೈಲ್ ಹಿಡಿದೇ ಕುಳಿತಿದ್ದ. ಅದೇ ಹುಡುಗ ಪಾಯಸ ಬಡಿಸುವಾಗ ಕ್ಯಾಮೆರಾಕ್ಕೆ ಕಾಣುವಂತೆ ಅವನ ಕೆನ್ನೆ ತಟ್ಟಿ, ನಿಯಮ ಮುರಿದು ಗಟ್ಟಿಯಾಗಿ "ಪಾಪ" ಅಂದ. ಇಪ್ಪತ್ತು ದಾಟಿದ ಗಂಡಸಿನ ಕೆನ್ನೆ! ಪುಣ್ಯಕ್ಕೂ ವಿಡಿಯೊ ಸಾಕ್ಷಿ ಬೇಕಾದ ಕಾಲ. ನನಗೆ ಪಾಯಸ ಇಳಿಯಲಿಲ್ಲ. ಹುಡುಗನ ಮುಖದಲ್ಲಿ ಏನೂ ಕಾಣಲಿಲ್ಲ, ಅಭ್ಯಾಸವಿದ್ದಿರಬೇಕು.

ಎಲೆ ತೆಗೆಯಲು ಬಂದವನ ಪುಸ್ತಕ ಇಸಿದುಕೊಂಡು, "ಸೋಮವಾರ ಎಲ್ಲಿ ಕೆಲಸ?" ಎಂದು ಬರೆದೆ. "ಹುಡುಕಬೇಕು. ಬಿ.ಕಾಂ ಆಗಿದೆ. ಫೋನ್ ಬಂದ್ರೆ ಏನ್ ಮಾಡ್ತೀಯ ಅಂತಾರೆ" ಎಂದು ಬರೆದ. 2016ರ ಕಾಯ್ದೆಯಲ್ಲಿ ಅಂಗವಿಕಲರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ಇದೆ, ಅದರಲ್ಲಿ ಶೇ. 1 ಕಿವಿ ಕೇಳದವರಿಗೆ. ಹೋಟೆಲುಗಳಿಗೆ ಆ ಕಟ್ಟುಪಾಡಿಲ್ಲ.

ಅಲ್ಲ, ದರ್ಶಿನಿಯಲ್ಲಿ ಯಾರಾದರೂ ಮಾತಾಡಿದ್ದನ್ನು ನೋಡಿದ್ದೀರಾ? ದುಡ್ಡು ಕೊಟ್ಟರೆ ಟೋಕನ್, ಟೋಕನ್ ಇಟ್ಟರೆ ಇಡ್ಲಿ. ಚಟ್ನಿ ಬೇಕಾದರೆ ತಟ್ಟೆ ಚಾಚಿದರಾಯಿತು. ಮುಂಬಯಿಯ ಪೊವಾಯಿಯಲ್ಲಿ ಮಿರ್ಚಿ ಅಂಡ್ ಮೈಮ್ ಎಂಬ ಹೋಟೆಲು 2015ರಲ್ಲೇ ಕಿವಿ ಕೇಳದವರನ್ನು ಬಡಿಸಲು ನಿಲ್ಲಿಸಿತು. ನಮ್ಮ ಹುಬ್ಬಳ್ಳಿಯಲ್ಲಿ 2017ರಲ್ಲಿ ಶುರುವಾದ ಮಿಟ್ಟಿ ಕೆಫೆ ಅಂಗವಿಕಲರ ಕೈಯಲ್ಲೇ ನಡೆಯುತ್ತದೆ. ನಿಮ್ಮ ಬೀದಿಯ ದರ್ಶಿನಿಯ ಮಾಲೀಕರು ಪರಿಚಯವಿದ್ದರೆ, ಇಂಥವರಿಗೊಂದು ಕೆಲಸ ಇದೆಯೇ ಎಂದು ಕೇಳಿ ನೋಡಿ. ಎರಡು ದಿನಕ್ಕಲ್ಲ, ಸಂಬಳಕ್ಕೆ.